ಕಟ್ಟೆ ಒಡೆದು ಕಾರು ಕರೆದವರು

ಯಾವ ಊರಿಗೆ ಹೋದರೂ ನನಗೊಂದು ಚಟ. ಅಲ್ಲಿನ ಬಜಾರಿನಲ್ಲಿ ಈ ಬದಿಯ ಅಂಗಡಿಯಿಂದ ಆ ಬದಿಯ ಅಂಗಡಿಗೆ ಹೆಜ್ಜೆ ಎಣಿಸುತ್ತ ನಡೆಯುತ್ತೇನೆ. ಬೇಕಾದ ಸಾಮಾನು ಈ ಬದಿಯಲ್ಲೇ ಸಿಗುತ್ತಿದ್ದರೂ ಆ ಬದಿಗೆ ಹೋಗಿ ಏನೂ ಕೊಳ್ಳದೆ ವಾಪಸು ಬರುತ್ತೇನೆ. ನನ್ನ ಹೆಂಡತಿ ಶಾರದಾಗೆ ಇದು ಚೆನ್ನಾಗಿ ಗೊತ್ತು. ಬಜಾರು ಬಂದ ಕೂಡಲೇ ಅವಳು ನನ್ನಿಂದ ಹತ್ತು ಮಾರು ದೂರ ಹೋಗಿ ನಿಲ್ಲುತ್ತಾಳೆ. ಈ ಮನುಷ್ಯ ನಿಮ್ಮ ಕಡೆಯವರೇ ಎಂದು ಯಾರಾದರೂ ಕೇಳಿದರೆ ಅಲ್ಲ ಎನ್ನಲು ಅವಳಿಗೆ ಅಷ್ಟು ದೂರ ಬೇಕಂತೆ.

ಮೊನ್ನೆ ಬೀಗರು ಬಂದಾಗ ಅವರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆವು. ಬೆಟ್ಟದ ಆಚೆ ಬದಿಯಲ್ಲಿ ಒಂದು ಗುಡಿಯ ಮುಂದೆ ಹಳೇ ಬಜಾರು ಇದೆಯಲ್ಲ, ಎರಡೂ ಕಡೆ ಕಲ್ಲುಕಂಬದ ಸಾಲು, ನಡುವೆ ಬರೀ ಹುಲ್ಲು. ಅಲ್ಲಿಗೆ ಕಾಲಿಟ್ಟದ್ದೇ ತಡ, ಕಾಲು ತನ್ನಷ್ಟಕ್ಕೆ ತಾನೇ ಅಳೆಯಲು ಶುರುಮಾಡಿತು. ಬೀಗರು ಶಿಲ್ಪ ನೋಡುತ್ತಿದ್ದರು, ನಾನು ಮೇಕೆಗಳ ನಡುವೆ ಹೆಜ್ಜೆ ಹಾಕುತ್ತಿದ್ದೆ. ಆಚೆ ಬದಿ ಮುಟ್ಟಿ, “ಇಲ್ಲಿ ಐದಾರು ಕಾರು ಜೋಡಿ ಹೋಗಬಹುದು ನೋಡ್ರಿ” ಎಂದು ಕೂಗಿ ಹೇಳಿದೆ.

“ಹೌದಲ್ರೀ, ಇಷ್ಟು ಅಗಲ ಐತಿ. ಆದ್ರೂ ಒಂದು ಅಂಗಡಿನೂ ಉಳಿದಿಲ್ಲ. ಅದು ಯಾಕ ಅಂತ ಅದನ್ನೂ ಒಂದೀಟು ಅಳದು ಹೇಳ್ರಿ” ಎಂದಳು ಶಾರದಾ.

ಬೀಗರು ನಕ್ಕರು. ನಾನೂ ಹಲ್ಲು ಕಿರಿದೆ. ಆದರೆ ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತ್ತು. ಯಾಕೆ ತಾಗಿತು ಎಂಬುದನ್ನು ನಿಮಗೆ ಹೇಳಿಬಿಡುತ್ತೇನೆ. ನೀವು ದೂರದವರು, ಕೇಳಿ ಮರೆತುಬಿಡುತ್ತೀರಿ. ನಮ್ಮ ಬೀದಿಯವರು ಇನ್ನೂ ಮರೆತಿಲ್ಲ.

ಹೊಸಪೇಟೆಯ ಹಳೇ ಬಜಾರಿನಲ್ಲಿ ನಮ್ಮದು ಜವಳಿ ಅಂಗಡಿ. ತಾತ ಇಟ್ಟದ್ದು, ಅಪ್ಪ ಬೆಳೆಸಿದ್ದು, ನಾನು ಸುಧಾರಿಸಲು ಹೋದದ್ದು. ಗಾಜಿನ ಬಾಗಿಲು, ಸೀರೆ ಉಟ್ಟು ನಿಂತ ಗೊಂಬೆ, ಅಂಥದ್ದೇನೂ ನಮ್ಮಲ್ಲಿರಲಿಲ್ಲ. ಒಳಗೆ ಬಿಳಿ ಬಟ್ಟೆ ಹಾಸಿದ ಗಾದಿ, ಗೋಡೆ ತುಂಬ ಸೀರೆಯ ಕಪಾಟು, ಹೊರಗೆ ರಸ್ತೆಗೆ ಚಾಚಿಕೊಂಡ ಕಲ್ಲಿನ ಕಟ್ಟೆ. ಕಟ್ಟೆ ಹತ್ತಲು ನಾಲ್ಕು ಮೆಟ್ಟಿಲು. ಆ ಬೀದಿಯಲ್ಲಿ ಎಲ್ಲ ಅಂಗಡಿಗಳಿಗೂ ಇಂಥದ್ದೇ ಕಟ್ಟೆ ಇತ್ತು. ನಮ್ಮದು ಸ್ವಲ್ಪ ಉದ್ದ, ಮೇಲೆ ತಗಡಿನ ನೆರಳು ಬೇರೆ.

ಕಂಪ್ಲಿ ಕಡೆಯಿಂದ, ಚೋರನೂರು ಕಡೆಯಿಂದ ಸಂತೆಗೆ ಬಂದವರು ಬಸ್ ಇಳಿದು ಮೊದಲು ನಮ್ಮ ಕಟ್ಟೆಗೇ ಬರುತ್ತಿದ್ದರು. ಚೀಲ ಇಳಿಸಿ, “ನೋಡ್ಕೋರಿ ಸಾವ್ಕಾರ್ರ” ಎಂದು ಅಪ್ಪನಿಗೆ ಹೇಳಿ, ಬೇರೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದರು. ತಿರುಗಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಅಪ್ಪ ತಂಬಿಗೆಯಲ್ಲಿ ನೀರು ಕೊಡಿಸುತ್ತಿದ್ದ. ನೀರು ಕುಡಿದು ಮುಗಿಯುವ ತನಕ ಏನು ಬೇಕು ಎಂದು ಯಾರನ್ನೂ ಕೇಳಬಾರದು ಎಂಬುದು ಅವನ ಶಾಸನ. ಕಂಪ್ಲಿಯವರು ಬಂದು ಬಂದು ನಮ್ಮಲ್ಲಿ ನೀರು ಕುಡಿಯುವುದನ್ನು ನೋಡಿ, ಆ ಊರಲ್ಲಿ ನೀರೇ ಇಲ್ಲವೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ಅಲ್ಲಿ ಹೊಳೆ ಹರಿಯುತ್ತದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದಾಗ, ಇಲ್ಲ ಸಾರ್ ಎಂದು ವಾದ ಮಾಡಿ ಬೆಂಚಿನ ಮೇಲೆ ನಿಂತಿದ್ದೆ. ತಪ್ಪು ತಿಳಿದುಕೊಂಡು ಗಟ್ಟಿಯಾಗಿ ವಾದಿಸುವುದು ನನಗೆ ಅಂದಿನಿಂದಲೇ ರೂಢಿ.

ಕಟ್ಟೆಗೆ ಬರುವವರಲ್ಲಿ ಕಂಪ್ಲಿ ಹತ್ತಿರದ ಮೆಟ್ರಿಯ ಹುಲಿಗೆಮ್ಮ ಎಂಬಾಕೆ ಒಬ್ಬಳು. ಕಾಲುವೆ ನೀರಿನ ಗದ್ದೆ, ದೊಡ್ಡ ಬಳಗ. ಅವಳ ಮದುವೆಯ ಸೀರೆ ನಮ್ಮ ತಾತನ ಕಾಲದಲ್ಲಿ ನಮ್ಮ ಗಾದಿಯ ಮೇಲೆ ಆರಿಸಿದ್ದು. ಆಮೇಲೆ ಅವಳ ಮೈದುನರದ್ದು, ಮಕ್ಕಳದ್ದು, ಯಾರ ಮದುವೆಯಾದರೂ ಜವಳಿ ತೆಗೆಯುವುದು ನಮ್ಮಲ್ಲೇ. ಅದಕ್ಕೊಂದು ಕ್ರಮವಿತ್ತು. ಮನೆಯ ಹಿರಿಯ ಹೆಂಗಸು ಮೊದಲು ಒಬ್ಬಳೇ ಬಂದು, ಕಟ್ಟೆಯ ಮೇಲೆ ಕೂತು, ಇಂಥ ದಿನ ಬರುತ್ತೇವೆ ಎಂದು ಹೇಳಿ ಹೋಗಬೇಕು. ಆ ದಿನ ಇಪ್ಪತ್ತು ಮೂವತ್ತು ಜನ ಬಂದು ಗಾದಿ ತುಂಬ ಕೂತು, ಸಂಜೆಯ ತನಕ ಸೀರೆ ಬಿಚ್ಚಿಸಿ, ಜಗಳಾಡಿ, ಊಟ ಅಲ್ಲೇ ಮಾಡಿ ಹೋಗುವರು. ಅಂಥ ನಾಲ್ಕಾರು ಬಳಗಗಳ ಮೇಲೆಯೇ ನಮ್ಮ ಅಂಗಡಿ ನಿಂತಿತ್ತು. ಇದು ನನಗೆ ಆಗ ತಿಳಿಯಲಿಲ್ಲ ಎಂದರೆ ನೀವು ನಂಬಬೇಕು. ಅಂಗಡಿ ನನ್ನ ಬುದ್ಧಿಯ ಮೇಲೆ ನಿಂತಿದೆ ಎಂದುಕೊಂಡಿದ್ದೆ.

ಆಗ ಗಣಿಯ ಕಾಲ. ಸಂಡೂರಿನ ಗುಡ್ಡದಿಂದ ಅದಿರಿನ ಲಾರಿಗಳು ಇರುವೆ ಸಾಲಿನಂತೆ ಇಳಿಯುತ್ತಿದ್ದವು. ಒಗೆದು ಹಾಕಿದ ಬಿಳಿ ಅಂಗಿ ಒಣಗುವುದರೊಳಗೆ ಕೆಂಪಗಾಗುತ್ತಿತ್ತು. ಊರಲ್ಲಿ ದುಡ್ಡು ಹರಿದಾಡುತ್ತಿದೆ ಎಂದು ಎಲ್ಲರೂ ಹೇಳುವರು, ಆದರೆ ನಮ್ಮ ಬೀದಿಗೆ ಅದು ತಿರುಗಿಯೂ ನೋಡಲಿಲ್ಲ. ದೊಡ್ಡ ರಸ್ತೆಯಲ್ಲಿ ಹೊಸ ಹೊಸ ಅಂಗಡಿಗಳು ಎದ್ದವು, ಮುಂದೆ ಕಾರು ನಿಲ್ಲಲು ಬಯಲಿನಷ್ಟು ಜಾಗ. ನಮ್ಮ ಗಾದಿಯ ಮೇಲೆ ಮಧ್ಯಾಹ್ನ ಬೆಕ್ಕು ಮಲಗತೊಡಗಿತು.

ಒಂದು ದಿನ ಸಂಡೂರಿನ ತಿಪ್ಪೇಸ್ವಾಮಿ ಬಂದ. ಮೊದಲು ಬಸ್ಸಿನಲ್ಲಿ ಬಂದು ನಮ್ಮಲ್ಲಿ ಪಂಚೆ ಕೊಳ್ಳುತ್ತಿದ್ದವನು, ಈಗ ಲಾರಿಗಳ ಮಾಲೀಕ. ಮನೆಯಷ್ಟು ಎತ್ತರದ ಬಿಳಿ ಗಾಡಿ ಬೀದಿಯ ಬಾಯಿಯಲ್ಲೇ ಸಿಕ್ಕಿಕೊಂಡಿತು. ನಾನು ಓಡಿಹೋದೆ. ಅವನು ಗಾಜು ಇಳಿಸಿ, “ನಿಮ್ ಬಜಾರಿಗೆ ಗಾಡಿ ಬರಂಗಿಲ್ಲಲ್ರೀ ಸಾವ್ಕಾರ್ರ” ಎಂದು ನಕ್ಕು, ಹಿಂದಕ್ಕೆ ತೆಗೆದು ಬಳ್ಳಾರಿಗೆ ಹೋಗಿಬಿಟ್ಟ. ಗಾಡಿಯೊಳಗಿಂದ ಬಂದ ತಣ್ಣನೆಯ ಗಾಳಿ ಒಂದು ಗಳಿಗೆ ನನ್ನ ಮುಖಕ್ಕೆ ಬಡಿಯಿತು. ಅಷ್ಟಕ್ಕೇ ನನಗೆ ಜ್ಞಾನೋದಯವಾಯಿತು.

ಮರುದಿನ ಬೆಳಗಿನ ಜಾವ, ಬಟ್ಟೆ ಅಳೆಯುವ ಕಬ್ಬಿಣದ ಗಜ ಹಿಡಿದು ಬೀದಿ ಅಳೆಯಲು ಹೊರಟೆ. ಬಗ್ಗಿ ಬಗ್ಗಿ ಗಜ ಇಡುತ್ತ ಹೋಗುವಾಗ ಹಾಲು ಮಾರುವಾಕೆ ನಿಂತು ನೋಡಿ, “ಯಾಕ್ರೀ, ರಸ್ತೆಗೆ ಕುಪ್ಪಸ ಹೊಲಸ್ತೀರೇನು?” ಎಂದಳು. ನಾನು ಬಗ್ಗಿ ಮುಂದಿನ ಗಜ ಇಟ್ಟೆ. ದೊಡ್ಡ ಕೆಲಸ ಮಾಡುವವರು ಇಂಥದ್ದಕ್ಕೆಲ್ಲ ಕಿವಿಗೊಡಬಾರದು. ಲೆಕ್ಕ ಸ್ಪಷ್ಟವಾಗಿತ್ತು: ಎರಡೂ ಬದಿಯ ಕಟ್ಟೆ ತೆಗೆದರೆ ಒಂದು ಕಾರು ನಿಲ್ಲಬಹುದು, ಪಕ್ಕದಲ್ಲಿ ಇನ್ನೊಂದು ಹೋಗಬಹುದು.

ಪಕ್ಕದ ಪಾತ್ರೆ ಅಂಗಡಿಯ ವೀರಭದ್ರಣ್ಣನ ಜಗುಲಿಯಲ್ಲಿ ಸಭೆ ಸೇರಿಸಿದೆ. ಸ್ನಾನದ ಮನೆಯಲ್ಲಿ ಮೂರು ದಿನ ಅಭ್ಯಾಸ ಮಾಡಿದ ಭಾಷಣ ಬಿಟ್ಟೆ. “ಈಗ ದುಡ್ಡು ನಡದಾಡಂಗಿಲ್ಲ, ಗಾಡ್ಯಾಗ ಅಡ್ಡಾಡತೈತಿ. ಗಾಡಿ ನಿಂದರಲಿಲ್ಲ ಅಂದ್ರ ದುಡ್ಡೂ ನಿಂದರಂಗಿಲ್ಲ.” ಎಲ್ಲರೂ ತಲೆದೂಗಿದರು. ವೀರಭದ್ರಣ್ಣ, “ಮಸ್ತ್ ಹೇಳಿದಿ ತಮ್ಮಾ, ಜಲ್ದಿ ಮಾಡಿಬಿಡೂಣು” ಎಂದು ಬೆನ್ನು ತಟ್ಟಿದ. ಆ ತಟ್ಟುವಿಕೆಗೆ ನಾನು ಆ ದಿನ ಕಟ್ಟೆಯಲ್ಲ, ಮನೆಯ ಗೋಡೆ ಬೇಕಾದರೂ ಒಡೆಯುತ್ತಿದ್ದೆ.

ಅಪ್ಪ ಒಂದೇ ಮಾತು ಕೇಳಿದ. “ಕಾರೇನು ಸೀರಿ ಉಡತೈತೇನಲೇ?”

“ನಿಮಗ ತಿಳಿಯಂಗಿಲ್ಲಪ. ಕಾಲ ಬದಲಾಗೇತಿ” ಎಂದೆ. ಈ ಮಾತು ಹೇಳುವಾಗ ಸ್ವಲ್ಪ ಕತ್ತು ಹೊರಳಿಸಿದ್ದೆನೆಂದೂ ನೆನಪಿದೆ.

“ಆತು. ಅಂಗಡಿ ನಿಂದು. ಒಡಿ” ಎಂದು ಅಪ್ಪ ಎದ್ದು ಒಳಗೆ ಹೋದ.

ಮುಂದಾಳು ನಾನಾದ್ದರಿಂದ ಮೊದಲ ಕಟ್ಟೆ ನಮ್ಮದೇ. ಹಾರೆ ಹಾಕಿದವರು ಅರ್ಧ ದಿನ ಬೆವರಿದರು, ತಾತ ಅಷ್ಟು ಗಟ್ಟಿ ಕಟ್ಟಿಸಿದ್ದ. ಮೆಟ್ಟಿಲೂ ಹೋದವು. ಕಟ್ಟೆ ಹೋದ ಮೇಲೆ ನೋಡಿದರೆ ಅಂಗಡಿಯ ಹೊಸಿಲು ರಸ್ತೆಯಿಂದ ಸೊಂಟದಷ್ಟು ಎತ್ತರದಲ್ಲಿ ನೇತಾಡುತ್ತಿತ್ತು. ಇದು ನನ್ನ ಗಜದ ಲೆಕ್ಕದಲ್ಲಿ ಬಂದಿರಲಿಲ್ಲ, ಏಕೆಂದರೆ ನಾನು ಅಗಲ ಅಳೆದಿದ್ದೆನೇ ಹೊರತು ಎತ್ತರ ಅಳೆದಿರಲಿಲ್ಲ. ಒಂದು ಮರದ ಸ್ಟೂಲು ತಂದಿಟ್ಟೆ. ಅದು ಅಲುಗಾಡುತ್ತಿತ್ತು. ಹತ್ತುವವರು ಹಿಡಿದುಕೊಳ್ಳಲಿ ಎಂದು ಬಾಗಿಲಿಗೊಂದು ಹಗ್ಗ ಕಟ್ಟಿದೆ. ಸೀರೆ ಕೊಳ್ಳಲು ಬಂದವರು ಬಾವಿಗೆ ಬಿದ್ದವರಂತೆ ಹಗ್ಗ ಹಿಡಿದು ಮೇಲೆ ಹತ್ತಬೇಕಾಯಿತು.

ವಾರದೊಳಗೆ ಬೀದಿಯ ಉಳಿದ ಕಟ್ಟೆಗಳೂ ಹೋದವು. ಕಾರುಗಳೇನೋ ಬಂದವು. ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು. ಮೊದಲ ವಾರ ಒಂದೊಂದು ಕಾರು ಬಂದು ನಿಂತಾಗಲೂ ನಾನು ಎದ್ದು ಅಂಗಿ ಸರಿಮಾಡಿಕೊಂಡು ನಗುತ್ತ ನಿಲ್ಲುತ್ತಿದ್ದೆ. ಇಳಿದವರು ನನ್ನ ನಗುವನ್ನು ದಾಟಿ ಹೋಗುತ್ತಿದ್ದರು. ಒಬ್ಬ ಕೋರ್ಟಿನ ಕೆಲಸಕ್ಕೆ, ಒಬ್ಬ ಹಲ್ಲು ಕೀಳಿಸಲು, ಇನ್ನೊಬ್ಬ ಮೂಲೆಯ ಖಾನಾವಳಿಯಲ್ಲಿ ಮಿರ್ಚಿ ತಿನ್ನಲು. ದೊಡ್ಡ ರಸ್ತೆಯ ಹೊಸ ಅಂಗಡಿಯಲ್ಲಿ ಸೀರೆ ಕೊಳ್ಳಲು ಬಂದು, ಅಲ್ಲಿ ಜಾಗ ತುಂಬಿದೆ ಎಂದು ನಮ್ಮ ಮುಂದೆ ಕಾರು ನಿಲ್ಲಿಸಿ ಹೋದವರೂ ಇದ್ದರು. ಅವರಲ್ಲೊಬ್ಬಾಕೆ ತಿರುಗಿ ಬಂದು, ಕೈತುಂಬ ಅವರ ಅಂಗಡಿಯ ಚೀಲ ಹಿಡಿದುಕೊಂಡು, “ಕಾರು ನೋಡ್ಕೊಂಡಿದ್ದಕ್ಕ ಭಾಳ ಉಪಕಾರ ಆತ್ರೀ” ಎಂದು ನನಗೆ ಕೈ ಮುಗಿದಳು.

ಇದಕ್ಕೆ ಉಪಾಯ ಕಂಡುಹಿಡಿದವನೂ ನಾನೇ. ಬೇರೆಯವರ ಕಾರು ನಿಲ್ಲದಂತೆ ಮಾಡಬೇಕಾದರೆ ನಮ್ಮದೇ ಒಂದು ಕಾರು ನಿಲ್ಲಿಸಬೇಕು. ಯಾರೋ ಗಣಿ ಗುತ್ತಿಗೆದಾರ ಮಾರಿದ ಹಳೆಯ ಬಿಳಿ ಕಾರು ತಂದೆ. ಮನೆಯಿಂದ ಅಂಗಡಿಗೆ ನಾಲ್ಕು ನಿಮಿಷದ ದಾರಿ, ನಾನು ನಡೆದೇ ಬರುವವನು. ಕಾರು ಮಾತ್ರ ಅಂಗಡಿಯ ಮುಂದೆಯೇ ವಾಸ. ವೀರಭದ್ರಣ್ಣನೂ ಒಂದು ತಂದ, ಎದುರಿನವನೂ ತಂದ. ತಿಂಗಳೊಪ್ಪತ್ತಿನಲ್ಲಿ ಬೀದಿಯ ಉದ್ದಕ್ಕೂ ಅಂಗಡಿಯವರ ಕಾರುಗಳೇ ಸಾಲಾಗಿ ನಿಂತು, ಅಂಗಡಿಗಳು ಅವುಗಳ ಹಿಂದೆ ಮರೆಯಾದವು. ಯಾರೂ ಕಾರು ತೆಗೆಯುವಂತಿಲ್ಲ, ತೆಗೆದರೆ ಇನ್ನೊಬ್ಬ ಬಂದು ಜಾಗ ಹಿಡಿಯುತ್ತಾನೆ. ಬೆಳಿಗ್ಗೆ ಎಲ್ಲರೂ ಬಂದು ಅವರವರ ಕಾರು ಒರೆಸಿ, ಒಂದು ಸಲ ಶುರುಮಾಡಿ ಸದ್ದು ಕೇಳಿ, ಆರಿಸಿ ಒಳಗೆ ಹೋಗುತ್ತಿದ್ದೆವು. ಹಿಂದೆ ಇದೇ ಹೊತ್ತಿಗೆ ದೇವರಿಗೆ ದೀಪ ಹಚ್ಚುತ್ತಿದ್ದೆವು.

ತಿಪ್ಪೇಸ್ವಾಮಿ ಮತ್ತೊಮ್ಮೆ ಬಂದ. ಯಾರಿಗಾಗಿ ಇಷ್ಟೆಲ್ಲ ಒಡೆದೆವೋ ಆ ಗಾಡಿ ಕೊನೆಗೂ ಬೀದಿಯೊಳಗೆ ಬಂತು, ನಿಧಾನಕ್ಕೆ, ಎರಡೂ ಬದಿ ನೋಡುತ್ತ. ನಿಲ್ಲಲು ಒಂದು ಗೇಣು ಜಾಗವಿರಲಿಲ್ಲ. ನನ್ನ ಮುಂದೆ ಹಾಯುವಾಗ ಗಾಜು ಇಳಿಸಿ ಕೈ ಬೀಸಿದ, ಬೀದಿಯ ಆ ತುದಿಯಿಂದ ಹೊರಗೆ ಹೋದ. ನನ್ನ ಕಾರು ತೆಗೆದು ಅವನಿಗೆ ಜಾಗ ಕೊಡಬಹುದಿತ್ತಲ್ಲ ಎಂದು ಆಮೇಲೆ ಶಾರದಾ ಕೇಳಿದಳು. ಹೊಳೆದಿರಲಿಲ್ಲ. ಮುಂದೆ ಗಣಿಗಳು ನಿಂತವು, ದೊಡ್ಡ ಗಾಡಿಗಳು ಒಂದೊಂದಾಗಿ ಮಾಯವಾದವು, ಆದರೆ ಅದು ಆಮೇಲಿನ ಮಾತು. ನಗುವಂಥದ್ದು ಇಲ್ಲಿಗೆ ಮುಗಿಯಿತು ಎಂದು ಹೇಳಬೇಕು.

ಒಂದು ಮಧ್ಯಾಹ್ನ ಒಳಗೆ ಸೀರೆ ಮಡಚುತ್ತ ಕೂತಿದ್ದೆ. ಅಪ್ಪ ಬಾಗಿಲ ಹತ್ತಿರ ಗಾದಿಗೆ ಒರಗಿದ್ದ. ಹೊರಗೆ ಕಾರಿನ ಬಾನೆಟ್ ಮೇಲೆ ಏನೋ ಧೊಪ್ಪೆಂದು ಇಟ್ಟ ಸದ್ದು. ತಲೆ ಎತ್ತದೆಯೇ ಕೂಗಿದೆ. “ಯಾರದು ಅಲ್ಲಿ ಚೀಲ ಇಟ್ಟಾರ? ತಗೀರಿ, ತಗೀರಿ. ಗೀರು ಬೀಳತಾವ. ಕಾರೇನು ಕಟ್ಟಿ ಅಂತ ತಿಳದೀರೇನು?”

ಬಗ್ಗಿ ನೋಡಿದೆ. ಒಂದು ಕೈ ಸೆರಗಿನಿಂದ ಬಾನೆಟ್ ಒರೆಸುತ್ತಿತ್ತು. ಒರೆಸಿ, ಚೀಲ ಎತ್ತಿಕೊಂಡು, ಕಾರುಗಳ ಮರೆಯಲ್ಲಿ ಹೋಯಿತು. ನಾನು ಮತ್ತೆ ಸೀರೆ ಮಡಚತೊಡಗಿದೆ.

ನಾಲ್ಕಾರು ಸೀರೆ ಮಡಚಿ ಇಟ್ಟ ಮೇಲೆ ಅಪ್ಪ ಹೇಳಿದ. “ಹುಲಿಗೆಮ್ಮಲೇ ಅದು. ಜವಳಿ ಮಾತು ಹೇಳಾಕ ಬಂದಿದ್ದಳು. ಮೊಮ್ಮಗಳ ಲಗ್ನ ಐತಂತ, ಸಂತಿಗೆ ಬಂದ ಮೆಟ್ರಿಯವರು ಹೇಳಿದ್ರು.”

ಚಪ್ಪಲಿ ಹಾಕದೆ ಬಸ್ ನಿಲ್ದಾಣಕ್ಕೆ ಓಡಿದೆ. ಕಂಪ್ಲಿ ಬಸ್ಸು ಹೊರಟುಹೋಗಿತ್ತು. ತಿರುಗಿ ಬರುವಾಗ ಕಾಲು ಸುಡುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮುಖ ಸುಡುತ್ತಿತ್ತು. ಆ ವರ್ಷ ಉಳಿದ ಬಳಗಗಳು ಒಂದೊಂದಾಗಿ ಬಿಟ್ಟುಹೋಗಿದ್ದವು, ಅಂಗಡಿಗೆ ಉಳಿದಿದ್ದ ದೊಡ್ಡ ಜವಳಿ ಅದೊಂದೇ. ಆದರೆ ನನಗೆ ಆಗಿದ್ದ ನಾಚಿಕೆ ವ್ಯಾಪಾರದ್ದಲ್ಲ. ಮೊಣಕಾಲು ನೋವಿನ ಮುದುಕಿ ಕೂರಲು ಜಾಗವಿಲ್ಲದೆ ನಿಂತು, ನನ್ನ ಕಾರು ಒರೆಸಿ ಹೋಗಿದ್ದಳು.

ಮರುದಿನವೇ ಮೆಟ್ರಿಗೆ ಹೋಗಬೇಕೆಂದು ಅಪ್ಪ ಹೇಳಿದ. ಅಪ್ಪನಿಗೆ ಬಸ್ ಹತ್ತಲು ಆಗುವುದಿಲ್ಲ, ಕಾರಿನಲ್ಲೇ ಹೋಗಬೇಕು. ಕಾರು ತೆಗೆದರೆ ಜಾಗ ಹೋಗುತ್ತದೆ. ನಂಬುತ್ತೀರೋ ಬಿಡುತ್ತೀರೋ, ಆ ಒಂದು ಕಾರಣಕ್ಕೆ ನಾನು ಇವತ್ತು ನಾಳೆ ಎನ್ನುತ್ತ ಎಂಟು ದಿನ ತಳ್ಳಿದೆ. ವೀರಭದ್ರಣ್ಣ ತನ್ನ ಎರಡನೇ ಕಾರಿಗೆ ಜಾಗ ಹುಡುಕುತ್ತಿದ್ದಾನೆ ಎಂಬ ಸುದ್ದಿ ಬೇರೆ ಇತ್ತು. ಕೊನೆಗೆ ಅಂಗಡಿ ರಜೆಯ ದಿನ, ಖಾಲಿ ಜಾಗದಲ್ಲಿ ಅಲುಗಾಡುವ ಸ್ಟೂಲು ಇಟ್ಟು ಹೊರಟೆವು.

ಮೆಟ್ರಿಯಲ್ಲಿ ಹುಲಿಗೆಮ್ಮ ಮನೆಯ ಮುಂದೆ ನೆಲ್ಲು ಕೇರುತ್ತಿದ್ದಳು. ಕಾರು ನಿಂತದ್ದು ನೋಡಿ ಮೊರ ಕೆಳಗಿಟ್ಟು ಎದ್ದಳು. ಅಪ್ಪನಿಗೆ ನಮಸ್ಕಾರ ಮಾಡಿದಳು, ಆದರೆ ಕಣ್ಣು ಕಾರಿನ ಬಾನೆಟ್ ಮೇಲೆಯೇ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು. “ಗೀರು ಬಿದ್ದೈತೇನ್ರಿ ಸಾವ್ಕಾರ್ರ? ಅದರಾಗ ಕಲ್ಲು ಕಬ್ಬಿಣ ಏನೂ ಇರಲಿಲ್ಲ. ಹೊಸ ಅಕ್ಕಿ ಇತ್ತು, ನಿಮ್ ಮನಿಗಂತ ತಂದಿದ್ದೆ. ಗೀರು ಬಿದ್ದಿದ್ರ ಹೇಳ್ರಿ, ನನ್ ಮಗ ಬಂದು ಸರಿ ಮಾಡಿಸಿ ಕೊಡತಾನ.”

ಎಂಟು ದಿನವೂ ಅವಳು ಇದನ್ನೇ ಯೋಚಿಸುತ್ತಿದ್ದಳು. ಕಾರು ಕೆಡಿಸಿದ್ದಕ್ಕೆ ಕೇಳಲು ಬಂದಿದ್ದಾರೆ ಎಂದುಕೊಂಡಿದ್ದಳು. ನನಗೆ ಅಳು ಬಂತು. ಅಳು ತಡೆಯಲು ಹೋಗಿ ಬಾಯಿಂದ ಏನೋ ಬಂತು. “ಅದು ನಮ್ ಕಾರು ಅಲ್ಲಬೇ” ಎಂದುಬಿಟ್ಟೆ. ಅದೇ ಕಾರಿನ ಬಾಗಿಲು ಹಿಡಿದು ನಿಂತಿದ್ದೆ.

“ನಮ್ದ ಐತವ್ವ” ಎಂದ ಅಪ್ಪ. “ಕಾರೂ ನಮ್ದ, ತಪ್ಪೂ ನಮ್ದ. ಅದಕ್ಕ ಬಂದೀವಿ.”

ಹುಲಿಗೆಮ್ಮ ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು. “ಅಯ್ಯ, ಅಷ್ಟಕ್ಕ ಯಾಕ ಬಂದ್ರಿ ಸಾವ್ಕಾರ್ರ, ಬಿಸಿಲಾಗ? ಬರ್ರಿ, ಕುಂದ್ರಿ” ಎಂದು ಕಂಬಳಿ ಹಾಸಿದಳು. ನೀರು ಕೊಟ್ಟಳು. ಊಟಕ್ಕೆ ಎಬ್ಬಿಸಿದಳು. ಊಟದ ನಡುವೆ, ಜವಳಿ ಯಾವಾಗ ತೆಗೆಯುತ್ತೀರಿ ಎಂದು ಅಪ್ಪ ಕೇಳಿದ. ಅವಳ ಕೈ ಅನ್ನದ ಪಾತ್ರೆಯಲ್ಲೇ ನಿಂತಿತು.

“ತಗದ್ವಿ. ಮೊನ್ನೆ ಕಂಪ್ಲ್ಯಾಗ. ನಿಮ್ಮಲ್ಲಿ ಇನ್ನ ಬ್ಯಾಡೇನೋ ನಾವು ಅಂತ ತಿಳಕೊಂಡ್ವಿ.” ಕೋಪದಿಂದ ಹೇಳಿದ್ದಲ್ಲ. ಒಳ್ಳೆಯವರಿಗೆ ಕೆಟ್ಟ ಸುದ್ದಿ ಹೇಳುವಾಗ ಹೇಳುತ್ತಾರಲ್ಲ, ಹಾಗೆ ಹೇಳಿದಳು. “ಲಗ್ನಕ್ಕ ಮಾತ್ರ ತಪ್ಪದ ಬರಬೇಕು.”

ಮೊನ್ನೆ ಎಂದರೆ ನಾನು ಜಾಗ ಹೋದೀತೆಂದು ಕಾರು ಕಾಯುತ್ತ ಕೂತಿದ್ದ ಆರನೆಯ ದಿನ.

ಮದುವೆಗೆ ಹೋದೆವು, ಅಪ್ಪ, ಶಾರದಾ, ನಾನು. ಆ ಮನೆಯ ಮದುವೆಗೆ ನಾವು ಹಿಂದೆಯೂ ಹೋಗಿದ್ದೆವು, ಆದರೆ ಆಗೆಲ್ಲ ಮಂಟಪದ ತುಂಬ ನಮ್ಮ ಸೀರೆಗಳೇ ಓಡಾಡುತ್ತಿದ್ದವು, ಯಾವುದು ಯಾವ ಕಪಾಟಿನದೆಂದು ನನಗೆ ಗೊತ್ತಿರುತ್ತಿತ್ತು. ಈ ಸಲ ಒಂದೂ ಪರಿಚಯದ್ದಿರಲಿಲ್ಲ. ಅಕ್ಷತೆಯ ನಂತರ ಹುಲಿಗೆಮ್ಮ ಮೊಮ್ಮಗಳನ್ನು ಕರೆತಂದು, “ಸಾವ್ಕಾರ್ರ ಕಾಲಿಗೆ ಬೀಳವ್ವ” ಎಂದಳು. ಹುಡುಗಿ ಅಪ್ಪನ ಕಾಲಿಗೆ ಬಾಗಿದಾಗ ಅವಳ ಸೆರಗು ಜಾರಿ ನನ್ನ ಮೊಣಕಾಲಿನ ಮೇಲೆ ಬಿತ್ತು. ನನ್ನ ಬೆರಳು ನನ್ನನ್ನು ಕೇಳದೆ ಅದರ ಅಂಚು ಹಿಡಿದು ತಿಕ್ಕಿ ನೋಡಿತು. ಹೇಗಾದರೂ ಒಂದು ದೋಷ ಸಿಗಲಿ ಎಂದು ಹುಡುಕಿದೆ. ಎಳೆ ಬಿಗಿಯಾಗಿತ್ತು, ಅಂಚು ಗಟ್ಟಿಯಾಗಿತ್ತು, ಬಣ್ಣ ಆ ಹುಡುಗಿಗೆ ಒಪ್ಪುವಂತಿತ್ತು. ಹುಡುಗಿ ಎದ್ದು ಹೋದಳು.

“ಹೆಂಗೈತಿ ಸೀರಿ?” ಎಂದು ಅಪ್ಪ ಕೇಳಿದ, ನನ್ನ ಕಡೆ ನೋಡದೆ.

“ಚಲೋ ಐತಪ” ಎಂದೆ.